ಆಯಿ ಹೆಚ್ಚಾದ್ಲು

ನೀಲವ್ವ ಶಿವನ ಪಾದ ಸೇರಿದ ಸುದ್ದಿ ಬಂದಾಗ ಶಿವಪುತ್ರಪ್ಪನವರು ಧಾರವಾಡದಲ್ಲಿದ್ದರು. ವಾಕ್ ಸಂಶೋಧನ ಕೇಂದ್ರದ ತಣ್ಣನೆಯ ಕೋಣೆಯೊಂದರಲ್ಲಿ ಮೊಮ್ಮಗಳು ಇಂಚರಾಳ ಗಾಲಿಕುರ್ಚಿಯ ಪಕ್ಕ ಕುಳಿತು, ಅವಳ ಕೊರಳಿಗೆ ಪಟ್ಟಿ ಕಟ್ಟುವುದನ್ನು ನೋಡುತ್ತಿದ್ದರು. ಹೆಂಡತಿ ನೀಲವ್ವ ಗದಗಿನ ಆಸ್ಪತ್ರೆಯಲ್ಲಿ ಮಲಗಿರುವಾಗ ಊರು ಬಿಟ್ಟು ಬರಲು ಅವರಿಗೆ ಮನಸ್ಸಿರಲಿಲ್ಲ. ಅಟ್ಟಿದವಳು ಅವಳೇ. "ನನ್ನ ಮಕಾ ನೋಡ್ಕೋತ ಕುಂತ್ರ ಎದಿನೋವು ಹೋಗತೈತೇನು? ಕೂಸಿಗೆ ಮಾತು ಬರೂ ದಿನ ಐತಿ, ನಡೀರಿ," ಎಂದು ಗದರಿಸಿ ಕಳಿಸಿದ್ದಳು.

ಸೊಸೆ ಅನ್ನಪೂರ್ಣಾ ಫೋನ್ ಮಾಡಿದಳು. "ಮಾವಾರ..." ಎಂದವಳು ಅತ್ತುಬಿಟ್ಟಳು. ಮುಂದೆ ಹೇಳುವ ಅಗತ್ಯವಿರಲಿಲ್ಲ. ಶಿವಪುತ್ರಪ್ಪನವರು ಎದೆಯ ಮೇಲಿನ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಇಂಚರಾ ಅವರ ಮುಖವನ್ನೇ ನೋಡುತ್ತಿದ್ದಳು. ಎಂಟು ವರ್ಷದ ಮಗು. ಅವಳಿಂದ ಮುಚ್ಚಿಡುವುದಾದರೂ ಹೇಗೆ?

"ಆಯಿ ನಮ್ಮನ್ನ ಬಿಟ್ಟು ಹೋದ್ಲವಾ," ಎಂದರು. ಆಯಿ ಎಂದರೆ ಆ ಮನೆಯಲ್ಲಿ ಅಜ್ಜಿ.

ಇಂಚರಾಳ ದವಡೆ ಅಲುಗಿತು. ಕತ್ತು ಒಂದು ಕಡೆ ಸೆಳೆಯಿತು. ಕೊರಳಪಟ್ಟಿಯ ಮೇಲಿನ ಹಸಿರು ಬೆಳಕು ಮಿನುಗಿ, ಮೆತ್ತನೆಯ ಹುಡುಗಿಯ ದನಿ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಆಯಿ ಹೆಚ್ಚಾದ್ಲು."

ಹುಟ್ಟಿದಾಗಿನಿಂದ ಆ ಮಗು ತಾನಾಗಿ ಆಡಿದ ಮೊದಲ ವಾಕ್ಯ ಅದು. ಕೇಂದ್ರದ ವಿಜ್ಞಾನಿ ಡಾಕ್ಟರ್ ರೆಹಾನಾ ಬೇಗ ಬೇಗ ಪಟ್ಟಿಯನ್ನು ಬಿಚ್ಚಿದರು.

"ತಪ್ಪು ತಿಳ್ಕೋಬ್ಯಾಡ್ರಿ ಅಜ್ಜಾರ. ಇದು ಯಂತ್ರದ ತಪ್ಪು. ಆಕಿ ಬ್ಯಾರೆ ಏನೋ ಅಂದಿರಬೇಕು, ಇದು ಬ್ಯಾರೆ ಓದೇತಿ."

"ಇರ್ಲಿ ಬಿಡವಾ," ಎಂದರು ಶಿವಪುತ್ರಪ್ಪನವರು. ಆದರೆ ಗದಗಿನ ದಾರಿಯುದ್ದಕ್ಕೂ ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದು ನಿಂತಿತ್ತು. ಹೆಚ್ಚಾದಳು ಎಂದರೇನು? ಬೇಡವಾದಳು ಎಂದೇ? ಎಂಟು ವರ್ಷ ಆ ಕೂಸಿಗೆ ತುತ್ತು ಉಣ್ಣಿಸಿದವಳು, ಬೆನ್ನಿಗೆ ಎಣ್ಣೆ ತಿಕ್ಕಿದವಳು, ಅವಳ ಉಸಿರಿನ ಏರಿಳಿತದಲ್ಲೇ ಹಸಿವೋ ನಿದ್ದೆಯೋ ಎಂದು ತಿಳಿದವಳು, ಅವಳು ಹೆಚ್ಚಾದಳೇ? ಯಂತ್ರದ ತಪ್ಪೇ ಇರಬೇಕು ಎಂದು ಮತ್ತೆ ಮತ್ತೆ ಹೇಳಿಕೊಂಡರು.

ಇಂಚರಾ ಹುಟ್ಟುವಾಗ ಉಸಿರು ಕಟ್ಟಿತ್ತು. ಮೆದುಳಿನಿಂದ ಕೈಕಾಲಿಗೆ, ನಾಲಿಗೆಗೆ ಹೋಗುವ ಅಪ್ಪಣೆಗಳು ದಾರಿಯಲ್ಲೇ ತಪ್ಪಿಹೋಗುತ್ತಿದ್ದವು. ನೀರು ಎನ್ನಲು ಹೊರಟರೆ ಬಾಯಿಂದ ಬರುತ್ತಿದ್ದದ್ದು ಒಂದು ಉದ್ದನೆಯ ದನಿ ಮಾತ್ರ. ಹಕ್ಕಿಯ ಇನಿದನಿ ಎಂದು ಅರ್ಥವಿರುವ ಹೆಸರಿಟ್ಟ ಮೇಲೆ ಗೊತ್ತಾದ ಸಂಗತಿ ಇದು. "ಹೆಸರು ಬದಲು ಮಾಡ್ರಿ, ಕೇಳಿದವ್ರು ನಗತಾರ," ಎಂದ ನೆಂಟರಿಗೆ ನೀಲವ್ವ, "ನಗೂರಿಗೆ ಹಲ್ಲು ಅದಾವು, ನಗಲಿ," ಎಂದು ಚಹಾ ಕೊಟ್ಟು ಕಳಿಸಿದ್ದಳು.

ಶಿವಪುತ್ರಪ್ಪನವರು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಮುಂಡರಗಿ, ರೋಣ, ಲಕ್ಷ್ಮೇಶ್ವರ ಎಂದು ಕೂಗಿ ಕೂಗಿ ಅವರ ಕಂಠ ಕಂಚಿನ ಹಾಗೆ ಆಗಿತ್ತು. ಮೊಮ್ಮಗಳಿಗೆ ಬಸ್ಸುಗಳ ಹೆಸರು ಕೂಗಿ ನಗಿಸುವುದು ಅವರ ಕೆಲಸ. ಅಡುಗೆಮನೆ, ಜಳಕ, ಊಟ, ಮಾತು ನೀಲವ್ವನ ಕೆಲಸ. ಮಗ ಮಹಾಂತೇಶ ಮತ್ತು ಸೊಸೆ ಇಬ್ಬರೂ ದುಡಿಯಲು ಹೋದಾಗ ಇಡೀ ದಿನ ಅಜ್ಜಿ ಮೊಮ್ಮಗಳು ಒಲೆಯ ಮುಂದೆ. ನೀಲವ್ವ ಮಾತಾಡುತ್ತಲೇ ಇರುತ್ತಿದ್ದಳು. ಮಗು ಕೇಳುತ್ತಲೇ ಇರುತ್ತಿತ್ತು.

ಕೊರಳಪಟ್ಟಿಯ ವಿಷಯ ಬಂದದ್ದು ಆಮೇಲೆ. ಮಾತಾಡಬೇಕೆಂದು ಮನಸ್ಸು ಮಾಡಿದೊಡನೆ ಗಂಟಲಿನ, ದವಡೆಯ, ನಾಲಿಗೆಯ ಬುಡದ ಸ್ನಾಯುಗಳು ಸಣ್ಣಗೆ ಮಿಡಿಯುತ್ತವೆ. ನಾಲಿಗೆ ಹೇಳಿದ ಹಾಗೆ ಕೇಳದಿದ್ದರೂ ಆ ಮಿಡಿತ ಇದ್ದೇ ಇರುತ್ತದೆ. ಪಟ್ಟಿ ಆ ಮಿಡಿತವನ್ನು ಓದಿ ಮಾತು ಕಟ್ಟುತ್ತದೆ. ಆ ಮಾತಿಗೆ ಬೇಕಾದ ದನಿಯನ್ನು ಮಗುವಿನ ನಗು ಅಳುಗಳಿಂದಲೇ ತಯಾರಿಸಿದ್ದರು. ಹಾಗಾಗಿ ಅದು ಇಂಚರಾಳ ದನಿಯೇ.

ಮೊದಲ ಸಲ ನೀಲವ್ವನೂ ಧಾರವಾಡಕ್ಕೆ ಬಂದಿದ್ದಳು. ನೀರು ಕೇಳಲು ಹೇಳಿಕೊಟ್ಟಾಗ ಪಟ್ಟಿ "ನನಗೆ ಬಾಯಾರಿಕೆಯಾಗಿದೆ, ದಯವಿಟ್ಟು ನೀರು ಕೊಡಿ," ಎಂದಿತು. ನೀಲವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಯಾವೂರ ಬೀಗರವಾ ಇವ್ರು? ನಮ್ಮ ಕೂಸು ಹಿಂಗ ಕೇಳೂದಿಲ್ಲ. ಆಯಿ ನೀರs ಅಂತೈತಿ." ರೆಹಾನಾ ಕೂಡ ನಕ್ಕು, ಆ ಮನೆಯ ಮಾತನ್ನೇ ಪಟ್ಟಿಗೆ ಕಲಿಸಿದರು. ಅವರು ಹುಬ್ಬಳ್ಳಿಯವರು, ಮಾತಿನ ರುಚಿ ಬಲ್ಲವರು.

ಶಿವಗಣಾರಾಧನೆ ಮುಗಿಯಿತು. ಬಂದವರು ಹೋದರು. ಮನೆಯಲ್ಲಿ ಒಲೆಯ ಮುಂದಿನ ಮಣೆಯೊಂದು ಖಾಲಿಯಾಯಿತು. ಪಡಬೇಕಾದ ದುಃಖವನ್ನು ಪಟ್ಟು, ಶಿವಪುತ್ರಪ್ಪನವರು ಮತ್ತೆ ಮೊಮ್ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಓಡಾಡತೊಡಗಿದರು. ಓಡಾಡಲೇಬೇಕಿತ್ತು. ಗದಗಿಗೆ ಹೊಂದಿಕೊಂಡ ಬೆಟಗೇರಿಯ ಅವರ ಓಣಿಯ ಶಾಲೆಯಲ್ಲಿ ಇಂಚರಾಳನ್ನು ಸೇರಿಸಿಕೊಳ್ಳಲು ಮುಖ್ಯೋಪಾಧ್ಯಾಯಿನಿ ಕಸ್ತೂರಿ ಟೀಚರ್ ತಯಾರಿದ್ದರು. ಅದಕ್ಕಾಗಿ ಶಾಲೆಯ ಮೆಟ್ಟಿಲಿಗೆ ಇಳಿಜಾರು ಕೂಡ ಹಾಕಿಸಿದ್ದರು. ಆದರೆ ಮೇಲಿನ ಸಮಿತಿಯವರು ಒಂದು ಮಾತು ಹೇಳಿದ್ದರು. ಪಟ್ಟಿ ಕಟ್ಟಿಕೊಂಡ ಮೇಲೆ ಮಗು ಕೇಳಿದ್ದನ್ನು ತಿಳಿದು ಉತ್ತರ ಕೊಡಬೇಕು. ಇಲ್ಲವಾದರೆ ಓಣಿಯ ಶಾಲೆ ಬೇಡ, ದೂರದ ವಸತಿಶಾಲೆಗೆ ಹೋಗಲಿ. ರಜೆಗೆ ಮನೆಗೆ ಬರಲಿ. ಅನ್ನಪೂರ್ಣಾ ಅದನ್ನು ಕೇಳಿದಾಗಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಪರೀಕ್ಷೆಯ ಹೊತ್ತಿನಲ್ಲಿ ಮನೆಯವರು ಹೊರಗೆ ಕೂರಬೇಕು. ಇಲ್ಲದಿದ್ದರೆ ಮಗು ಅವರ ಮುಖ ನೋಡಿ ಉತ್ತರ ಹೇಳೀತು ಎಂಬ ಭಯ. ಶಿವಪುತ್ರಪ್ಪನವರು ಹೊರಗಿನ ಬೆಂಚಿನ ಮೇಲೆ ಕುಳಿತು ಪಂಚಾಕ್ಷರಿ ಜಪಿಸುತ್ತಿದ್ದರು. ಪ್ರತಿ ಸಲವೂ ರೆಹಾನಾ ಸಪ್ಪೆ ಮುಖ ಹೊತ್ತು ಹೊರಗೆ ಬರುತ್ತಿದ್ದರು.

"ವಿಚಿತ್ರ ಅನಸತೈತ್ರಿ ಅಜ್ಜಾರ. ತುಂಬಿದ್ದು ತೋರಿಸಿದ್ರ ತುಂಬೇತಿ ಅಂತಾಳ. ಹಚ್ಚಿದ ದೀಪ ತೋರಿಸಿದ್ರ ಹಚ್ಚೇತಿ ಅಂತಾಳ. ಅದರ ಉಲ್ಟಾ ತೋರಿಸಿದ್ರ ಪಟ್ಟಿ ಸುಮ್ಮನಾಗಿ ಬಿಡತೈತಿ. ಇದ್ದದ್ದು ಗೊತ್ತಾಗತೈತಿ, ಇಲ್ಲದ್ದು ಗೊತ್ತಾಗೂದಿಲ್ಲ. ಹಿಂಗ ಯಾವ ಮಗುನೂ ನಾ ನೋಡಿಲ್ಲ."

ಪಟ್ಟಿ ಸುಮ್ಮನಾಗುವುದಕ್ಕೆ ಕಾರಣವಿತ್ತು, ಮತ್ತು ಆ ಕಾರಣ ರೆಹಾನಾ ಅವರ ಒಳ್ಳೆಯತನ. ಸಾವಿನ ಸುದ್ದಿ ಬಂದ ದಿನ ಯಂತ್ರ ಆಡಿದ ಆ ಮಾತು ಅವರನ್ನು ಬಹಳ ಕಾಡಿತ್ತು. ಇನ್ನೊಮ್ಮೆ ಯಾವ ಮನೆಯವರ ಮನಸ್ಸೂ ಹಾಗೆ ನೋಯಬಾರದೆಂದು ಪಟ್ಟಿಗೆ ಸಣ್ಣ ಕಣ್ಣೊಂದನ್ನು ಜೋಡಿಸಿ, ಒಳಗೆ ಒಂದು ತಿದ್ದುವ ಭಾಗವನ್ನು ಕೂಡಿಸಿದ್ದರು. ಅದಕ್ಕೆ ಕಾವಲುಗಾರ ಎಂದು ಹೆಸರಿಟ್ಟು ಶಿವಪುತ್ರಪ್ಪನವರಿಗೂ ತಿಳಿಸಿದ್ದರು. ಎದುರಿಗಿರುವುದನ್ನು ಕಣ್ಣು ನೋಡುತ್ತದೆ. ಮಗುವಿನ ಮಾತು ಅದಕ್ಕೆ ಹೊಂದಿದರೆ ಕಾವಲುಗಾರ ಬಾಗಿಲು ತೆರೆಯುತ್ತಾನೆ, ಹೊಂದದಿದ್ದರೆ ಮಾತನ್ನು ಅಲ್ಲೇ ನುಂಗುತ್ತಾನೆ, ನುಂಗಿದ್ದು ಏನೆಂದು ಯಾರಿಗೂ ತೋರಿಸುವುದಿಲ್ಲ. ಅವನು ಕಲಿತದ್ದೆಲ್ಲ ಪುಸ್ತಕಗಳಿಂದ.

ಮಾತು ನುಂಗಿಸಿಕೊಂಡ ಮಗುವಿನ ಕಥೆ ಬೇರೆಯಾಗಿತ್ತು. ಇಂಚರಾ ಮನೆಗೆ ಬಂದು ಮುಖ ಗೋಡೆಯ ಕಡೆ ತಿರುಗಿಸಿ ಮಲಗುತ್ತಿದ್ದಳು. ಬಸ್ಸಿನ ಹೆಸರು ಕೂಗಿದರೂ ನಗುತ್ತಿರಲಿಲ್ಲ.

ಕೊನೆಯ ಪರೀಕ್ಷೆಯ ದಿನ ಕಸ್ತೂರಿ ಟೀಚರ್ ಸಮಿತಿಯ ಪರವಾಗಿ ಧಾರವಾಡಕ್ಕೆ ಬಂದರು. "ಇವತ್ತ ಮನಿಯವ್ರೂ ಒಳಗ ಇರ್ಲಿ. ಮಗು ನಮ್ಮ ಸಾಲಿಗೆ ಬಂದ್ರೂ ಒಬ್ಬಾಕೀನ ಏನೂ ಕುಂದ್ರೂದಿಲ್ಲಲಾ," ಎಂದು ಹಟ ಹಿಡಿದರು. ಹೀಗೆ ಶಿವಪುತ್ರಪ್ಪನವರು ಮೊದಲ ಬಾರಿಗೆ ಪರೀಕ್ಷೆಯನ್ನು ಕಣ್ಣಾರೆ ಕಂಡರು. ಅನ್ನಪೂರ್ಣಾ ಗೋಡೆಗೆ ಆತು ನಿಂತಳು.

ಮೇಜಿನ ಮೇಲೆ ಅಕ್ಕಿ ತುಂಬಿದ ಡಬ್ಬಿ ಇಟ್ಟರು. "ಅಕ್ಕಿ ತುಂಬೇತಿ," ಎಂದಿತು ಪಟ್ಟಿ. ಅದನ್ನು ತೆಗೆದು ಬರಿದಾದ ಡಬ್ಬಿ ಇಟ್ಟರು. ಇಂಚರಾಳ ದವಡೆ ಅಲುಗಿತು, ಕತ್ತಿನ ನರ ಬಿಗಿಯಿತು. ಪಟ್ಟಿ ಸುಮ್ಮನೆ. ಮತ್ತೆ ಅಲುಗಿತು. ಮತ್ತೆ ಸುಮ್ಮನೆ. ಮಗು ತನ್ನ ಸೊಟ್ಟ ಕೈಯನ್ನು ಕಷ್ಟದಿಂದ ಎತ್ತಿ ಪಟ್ಟಿಗೆ ರಪ್ಪನೆ ಬಡಿಯಿತು. ಕಣ್ಣಲ್ಲಿ ನೀರು.

ಶಿವಪುತ್ರಪ್ಪನವರಿಗೆ ತಡೆಯಲಾಗಲಿಲ್ಲ. "ಡಾಕ್ಟರ್ರ, ಆಕಿ ಏನೋ ಅನ್ನಾಕ ಹತ್ಯಾಳ. ನಿಮ್ಮ ಕಾವಲುಗಾರಗ ಒಂದೀಟು ಚಹಾ ಕುಡಿಯಾಕ ಕಳಸ್ರಿ. ತಪ್ಪಿರಲಿ, ಒಪ್ಪಿರಲಿ, ಆಕಿ ಅಂದದ್ದನ್ನ ಅಂದಂಗ ಕೇಳೂಣು."

"ಅವತ್ತಿನಂಗ ಏನರ ಅಂದ್ರ?" ಎಂದರು ರೆಹಾನಾ ಮೆಲ್ಲಗೆ.

"ಅಂದ್ರ ಅನ್ನಲಿ. ನನ್ನ ಮೊಮ್ಮಗಳು."

ರೆಹಾನಾ ಒಂದು ಗುಂಡಿ ಒತ್ತಿದರು. ಇಂಚರಾ ಮೂಗು ಎಳೆದುಕೊಂಡು, ಡಬ್ಬಿಯ ಕಡೆ ನೋಡಿ, ಮತ್ತೆ ಪ್ರಯತ್ನಿಸಿದಳು.

"ಅಕ್ಕಿ ಹೆಚ್ಚಾಗೈತಿ."

ಬರಿದಾದ ಡಬ್ಬಿಗೆ ಅಕ್ಕಿ ಹೆಚ್ಚಾಗಿದೆ ಎಂಬ ಉತ್ತರ! ಸಹಾಯಕರು ಒಬ್ಬರ ಮುಖ ಒಬ್ಬರು ನೋಡಿದರು. ಒಡೆದ ಬಳೆ ತೋರಿಸಿದರು. "ಬಳಿ ಹೆಚ್ಚಾತು." ನಂದಿದ ಹಣತೆ ತೋರಿಸಿದರು. "ದೀಪ ದೊಡ್ಡದಾತು." ರೆಹಾನಾ ಉಸಿರು ಬಿಟ್ಟರು. "ಪಟ್ಟಿ ಉಲ್ಟಾ ಓದಾಕ ಹತ್ತೇತಿ," ಎಂದರು. ಆದರೂ ಯಂತ್ರವನ್ನು ಬಿಟ್ಟು, ಮಗುವಿನ ಮುಂದೆ ಮೊಣಕಾಲೂರಿ ಕುಳಿತು ಅವಳನ್ನೇ ಕೇಳಿದರು.

"ಇಂಚರಾ, ಇಲ್ಲಿ ನೋಡವಾ. ಡಬ್ಬಿ ಖಾಲಿ ಐತಿ ಹೌದಲ್ಲೋ?"

ಉತ್ತರ ಬರುವುದು ತಡವಾಯಿತು. ಇಂಚರಾಳ ಮಾತು ಲಕ್ಷ್ಮೇಶ್ವರದ ಬಸ್ಸಿನ ಹಾಗೆ. ತಡವಾಗಿ ಬರುತ್ತದೆ, ಆದರೆ ಬರುತ್ತದೆ. ಎಲ್ಲರೂ ಕಾದರು.

"ಖಾಲಿ ಅನಬಾರದು. ಆಯಿ ಬೈತಾಳ."

ಮೊದಲು ನಕ್ಕವರು ಕಸ್ತೂರಿ ಟೀಚರ್. "ಅಯ್ಯ ಶಿವನೇ! ನಮ್ಮವ್ವನೂ ಹಂಗs ಅಂತಿದ್ಲಲ್ಲೋ! ಮನ್ಯಾಗ ಅಕ್ಕಿ ಮುಗದೈತಿ ಅಂದ್ರ ಬಾಯಿಮ್ಯಾಲೆ ಕೊಡಾಕಿ. ಹೆಚ್ಚಾಗೈತಿ ಅನ್ನು ಅನ್ನಾಕಿ. ಬಳಿ ಒಡೀತು ಅನ್ನೂಹಂಗಿಲ್ಲ, ದೀಪ ಆರ್ತು ಅನ್ನೂಹಂಗಿಲ್ಲ!"

ರೆಹಾನಾ ನೆಲದ ಮೇಲೆ ಕುಳಿತೇಬಿಟ್ಟರು. "ನಮ್ಮ ದಾದಿ," ಎಂದರು, ಅಂದರೆ ಅವರ ತಂದೆಯ ತಾಯಿ. "ಚಿರಾಗ್ ಬಢಾ ದೇ ಬೇಟಿ ಅಂತಿದ್ರು. ದೀಪ ಬೆಳಸು ಅಂತ. ಬೆಳಸು ಅಂದ್ರ ಊದಿ ಆರಿಸಬೇಕು. ಸಣ್ಣಾಕಿದ್ದಾಗ ತಿಳೀದs ಬತ್ತಿ ಏರಿಸಿ ಬೈಸ್ಕೊಂಡಿದ್ದೆ. ಮರತs ಬಿಟ್ಟಿದ್ದೆ ನೋಡ್ರಿ!"

ಆ ಕೋಣೆಯಲ್ಲಿದ್ದವರೆಲ್ಲ ಆ ಮಾತು ಕೇಳಿಯೇ ಬೆಳೆದವರು. ಕೇಂದ್ರಕ್ಕೆ ಬರುವಾಗ ಅದನ್ನು ಚಪ್ಪಲಿಯ ಹಾಗೆ ಬಾಗಿಲ ಹೊರಗೆ ಬಿಟ್ಟು ಬಂದಿದ್ದರು. ಮಗು ಮಾತ್ರ ಒಲೆಯ ಮುಂದೆ ಕಲಿತದ್ದನ್ನು ಒಳಗೂ ತಂದಿತ್ತು. ಮಗು ಉಲ್ಟಾ ಹೇಳಿರಲಿಲ್ಲ. ಇಲ್ಲದ್ದನ್ನು ಹೇಗೆ ಹೇಳಬೇಕೋ ಹಾಗೆ, ಮನೆಗೆ ಕೇಡಾಗದ ಹಾಗೆ ಹೇಳಿತ್ತು. ಅಷ್ಟು ಸೂಕ್ಷ್ಮ ಬಲ್ಲ ಮಗುವಿಗೆ ತಿಳಿವಳಿಕೆ ಇಲ್ಲವೆಂದು ಇಷ್ಟು ದಿನ ಅಂದುಕೊಂಡದ್ದನ್ನು ನೆನೆದು ಅನ್ನಪೂರ್ಣಾ ಅಳುತ್ತ, ನಗುತ್ತ, ಮಗಳ ತಲೆಗೂದಲಿಗೆ ಮುಖ ಒತ್ತಿಕೊಂಡಳು.

ಶಿವಪುತ್ರಪ್ಪನವರು ಮಾತ್ರ ನಗಲಿಲ್ಲ. ಅವರೊಳಗೆ ಮುರಿದು ನಿಂತಿದ್ದ ಮುಳ್ಳು ಅಲುಗಾಡಿತ್ತು. ಹೆಂಡತಿ ದಿನವೂ ಅಕ್ಕಿಗೂ ಬಳೆಗೂ ಆಡುತ್ತಿದ್ದ ಮಾತು ಅದು. ಮನುಷ್ಯರಿಗೆ ಅದನ್ನು ಯಾರೂ ಆಡುವುದಿಲ್ಲ. ಅದಕ್ಕೇ ಅವರಿಗೆ ಹೊಳೆದಿರಲಿಲ್ಲ. ಅವರು ಗಾಲಿಕುರ್ಚಿಯ ಬಳಿ ಬಂದು ಬಗ್ಗಿದರು.

"ಅವ್ವಾ, ಅವತ್ತ ನೀ ಆಯಿ ಹೆಚ್ಚಾದ್ಲು ಅಂದಿ. ನಾ ಆಯಿ ಬಿಟ್ಟು ಹೋದ್ಲು ಅಂದದ್ದು ನಿನಗ ಸೇರಲಿಲ್ಲೇನು?"

"ಹಂಗ ಅನಬಾರದು," ಎಂದಿತು ಪಟ್ಟಿ. ಇಂಚರಾಳ ದವಡೆ ಇನ್ನೂ ಅಲುಗುತ್ತಿತ್ತು. ಹೇಳುವುದು ಮುಗಿದಿರಲಿಲ್ಲ. ಎಲ್ಲರೂ ಕಾದರು. "ಅಕ್ಕಿ ಹೆಚ್ಚಾದ್ರ ಅಪ್ಪಾ ತರತಾನ. ಬಳಿ ಹೆಚ್ಚಾದ್ರ ಆಯಿ ಹೊಸಾವು ಇಡತಾಳ. ಆಯಿ ಹೆಚ್ಚಾದ್ರ ಯಾರು ತರತಾರ?"

ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಯಾವಾಗ ಬರುತ್ತದೆ ಎಂದು ಯಾರು ಕೇಳಿದರೂ ಥಟ್ಟನೆ ಹೇಳುತ್ತಿದ್ದ ಶಿವಪುತ್ರಪ್ಪನವರು ಗಾಲಿಕುರ್ಚಿಯ ಮುಂದೆ ನೆಲದ ಮೇಲೆ ಕುಳಿತರು. ಮೊಮ್ಮಗಳ ಕೈ ಹಿಡಿದುಕೊಂಡು, "ನನಗ ಗೊತ್ತಿಲ್ಲವಾ. ಶಿವನ್ನ ಕೇಳೂಣು," ಎಂದರು.

ಕಾವಲುಗಾರನನ್ನು ರೆಹಾನಾ ಕೆಲಸದಿಂದ ತೆಗೆಯಲಿಲ್ಲ, ಅವನಿಗೆ ಬೇರೆ ಯಜಮಾನಿಯನ್ನು ಕೊಟ್ಟರು. ಈಗ ಪಟ್ಟಿ ಮಗು ಅಂದದ್ದನ್ನು ಮೊದಲು ಹಾಗೆಯೇ ಆಡುತ್ತದೆ. ಅನುಮಾನ ಬಂದರೆ ಮಗುವಿನ ಕಿವಿಯಲ್ಲಿ ಮಾತ್ರ "ಹೌದೇನು?" ಎಂದು ಕೇಳುತ್ತದೆ. ಮಗು ಕಣ್ಣು ಮಿಟುಕಿಸಿದರೆ ಹೌದು. ಇನ್ನು ಮುಂದೆ ಪಟ್ಟಿ ಕಟ್ಟುವ ಪ್ರತಿ ಮಗುವಿನ ಮನೆಯಲ್ಲೂ ಕೆಲವು ದಿನ ಕುಳಿತು, ಅಲ್ಲಿ ಏನನ್ನು ಏನೆಂದು ಅನ್ನುತ್ತಾರೆ, ಏನನ್ನು ಅನ್ನುವುದಿಲ್ಲ ಎಂದು ಕೇಳಿ ಬರಬೇಕೆಂದು ಕೇಂದ್ರದಲ್ಲಿ ನಿಯಮವಾಯಿತು. "ನಿಮ್ಮ ಆಯಿ ನಮಗೂ ಪಾಠಾ ಹೇಳಿದ್ರು," ಎಂದು ಇಂಚರಾಳನ್ನು ಕಳಿಸಿಕೊಡುವಾಗ ರೆಹಾನಾ ಹೇಳಿದರು. "ಹೋಗ್ತಿ ಹಂಗಾರ?" ಎಂದವರು ನಾಲಿಗೆ ಕಚ್ಚಿಕೊಂಡರು. ಇಂಚರಾ ಅವರನ್ನು ಬಿಡಲಿಲ್ಲ. "ಹೋಗಿ ಬಾ ಅನಬೇಕು," ಎಂದು ತಿದ್ದಿಯೇ ಹೊರಟಳು.

ಹೀಗೆ ಅವಳು ಬೆಟಗೇರಿಯ ಶಾಲೆಗೆ ಸೇರಿದಳು. ಮೊದಲ ದಿನ ಪಕ್ಕದ ಹುಡುಗನೊಬ್ಬ, "ನಿನ್ನ ಕೊಳ್ಳಾಗ ರೇಡಿಯೋ ಐತೇನ?" ಎಂದು ಕಾಡಿದ. ಉತ್ತರಕ್ಕಾಗಿ ತರಗತಿ ಕಾಯಬೇಕಾಯಿತು. "ಹೌದು. ಇದನ್ನ ಬಂದ್ ಮಾಡಬಹುದು. ನಿನ್ನ ಬಾಯಿ?" ಎಂದಳು ಇಂಚರಾ. ಹುಡುಗರೆಲ್ಲ ಹೋ ಎಂದು ನಕ್ಕರು. ಅಂದಿನಿಂದ ಅವಳ ಉತ್ತರಕ್ಕೆ ಕಾಯುವುದು ಆ ತರಗತಿಗೆ ರೂಢಿಯಾಯಿತು. ಕಾಯುವುದು ಕಲಿತ ಮೇಲೆ, ಹಿಂದಿನ ಬೆಂಚಿನ ತೊದಲು ಮಾತಿನ ಶಂಕ್ರಪ್ಪನೂ ಕೈ ಎತ್ತತೊಡಗಿದ. ಅಕ್ಷರಗಳು ತಲೆಕೆಳಗಾಗಿ ಕಾಣುವ ಮೆಹಬೂಬಿಯೂ ಗಟ್ಟಿಯಾಗಿ ಓದತೊಡಗಿದಳು. ತಡವಾದರೆ ಯಾರೂ ಅವಸರ ಮಾಡುವುದಿಲ್ಲವೆಂದು ಅವರಿಗೂ ಧೈರ್ಯ ಬಂದಿತ್ತು.

ನೀಲವ್ವನ ಮಾತು ಶಾಲೆಯ ತುಂಬ ಹರಡಿತು. "ಟೀಚರ್ರ, ಚಾಕ್‌ಪೀಸ್ ಹೆಚ್ಚಾಗೈತ್ರಿ!" ಎಂದು ಮಕ್ಕಳು ಓಡಿ ಬರುತ್ತಿದ್ದರು. ಒಮ್ಮೆ ಲೆಕ್ಕದ ಪಾಠದಲ್ಲಿ ಹತ್ತರಲ್ಲಿ ಹತ್ತು ಕಳೆದರೆ ಎಷ್ಟು ಎಂಬ ಪ್ರಶ್ನೆಗೆ ಇಂಚರಾ ಗಂಭೀರವಾಗಿ, "ಹೆಚ್ಚಾಗೈತ್ರಿ," ಎಂದಳು. ಕಸ್ತೂರಿ ಟೀಚರ್ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕು, "ಲೆಕ್ಕದಾಗ ಮಾತ್ರ ಸೊನ್ನಿ ಅನಬೇಕವಾ. ಇಲ್ಲಾಂದ್ರ ನಿನ್ನ ಮಾರ್ಕ್ಸೂ ಹೆಚ್ಚಾಗತಾವು," ಎಂದರಂತೆ. ಶಿವಪುತ್ರಪ್ಪನವರು ಅದನ್ನು ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು.

ಒಂದು ಸಂಜೆ ಇಂಚರಾ ಶಾಲೆಯಿಂದ ಬಂದಾಗ ಅವರು ಪೂಜೆಗೆ ಕುಳಿತಿದ್ದರು. ನೀಲವ್ವನ ಪಟದ ಮುಂದೆ ದೀಪ ಉರಿಯುತ್ತಿತ್ತು. ಒಳಗೆ ಅನ್ನಪೂರ್ಣಾ ರೊಟ್ಟಿ ಬಡಿಯುವ ಸದ್ದು. ಮಹಾಂತೇಶ ಮಗಳ ಕುರ್ಚಿಯನ್ನು ಅಜ್ಜನ ಪಕ್ಕಕ್ಕೆ ತಂದು ನಿಲ್ಲಿಸಿದ. ಕಿಟಕಿಯಿಂದ ಗಾಳಿ ಬೀಸಿ ದೀಪ ನಂದಿತು.

"ಅಜ್ಜಾ, ದೀಪ ದೊಡ್ಡದಾತು," ಎಂದಳು ಇಂಚರಾ.

"ಹೌದವಾ, ದೊಡ್ಡದಾತು," ಎಂದು ಶಿವಪುತ್ರಪ್ಪನವರು ಕಡ್ಡಿ ಗೀರಿ ಮತ್ತೆ ಹಚ್ಚಿದರು. ಹೊತ್ತಿಕೊಂಡ ಬೆಳಕು ಪಟದ ಮೇಲೂ ಮಗುವಿನ ಮುಖದ ಮೇಲೂ ಸಮನಾಗಿ ಬಿತ್ತು.

"ಶಿವನ್ನ ಕೇಳಿದೇನು?" ಎಂದಳು ಇಂಚರಾ. ಅವಳು ಮರೆತಿರಲಿಲ್ಲ.

"ದಿನಾ ಕೇಳತೀನಿ. ಇವತ್ತ ನೀನೂ ಕೂಡವಾ."

ಅವರು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮೊಮ್ಮಗಳ ಸೊಟ್ಟ ಬೆರಳುಗಳನ್ನು ಹಿಡಿದು ಕಣ್ಣು ಮುಚ್ಚಿದರು. ಅವರು ಒಂದೊಂದು ಮಾತು ಹೇಳಿ ನಿಲ್ಲುತ್ತಿದ್ದರು. ಕೊರಳಪಟ್ಟಿ ತಡವಾಗಿ, ತಪ್ಪದೆ, ಅದನ್ನು ಅವಳ ದನಿಯಲ್ಲಿ ಹೇಳುತ್ತಿತ್ತು.

"ತಂದೇ ಶಿವನೇ, ನಮ್ಮ ಮನೆಯಲ್ಲಿ ನೀಲವ್ವ ಹೆಚ್ಚಾಗಿದ್ದಾಳೆ. ಅವಳನ್ನು ಮತ್ತೆ ತಂದುಕೊಡು ಎಂದು ನಾವು ಬೇಡುವುದಿಲ್ಲ. ನಿನ್ನ ಮಡಿಲಲ್ಲಿ ಅವಳಿಗೆ ಜಾಗ ಕೊಡು. ಅವಳ ಎದೆಯ ನೋವನ್ನು ತೆಗೆದುಬಿಡು. ಮಾತಾಡಿ ಮಾತಾಡಿ ದಣಿದ ಆ ಜೀವ ನಿನ್ನಲ್ಲಿ ಬೆರೆತು, ತಂಪಾಗಿ, ಶಾಂತವಾಗಿ ಇರಲಿ."